ಹೊಲಿಗೆಯಂತ್ರದ ಆರೈಕೆ
ಸೂಜಿಕಾಯಕದ ರಾಮಿತಂದೆಯವರನ್ನು ನೆನೆಯುವ ನಮ್ಮ ಸಮಾಜದಲ್ಲಿ ಎಷ್ಟೋ ತಾಯಂದಿರ ಕಾಯಕ ಹೊಲಿಗೆಯಂತ್ರವನ್ನೇ ನಂಬಿದೆ. ಅದು ನಿಂತರೆ ದಾಸೋಹಕ್ಕೂ ಕೊರತೆ. ಬಟ್ಟೆಯ ಅಡಿಯಲ್ಲಿ ದಾರ ಗೋಜಲಾದೊಡನೆ ಎಲ್ಲರೂ ಬಾಬಿನ್ನನ್ನು ದೂರುವರು. ದೋಷವಿರುವುದು ಬಹುಮಟ್ಟಿಗೆ ಮೇಲಿನ ದಾರದಲ್ಲಿ. ಬಟ್ಟೆಯನ್ನೊತ್ತುವ ಪಾದವನ್ನೆತ್ತಿ, ಬಿಗಿತದ ಬಿಲ್ಲೆಗಳ ನಡುವೆ ಕೂರುವಂತೆ ದಾರವನ್ನು ಮೊದಲಿನಿಂದ ಪೋಣಿಸಬೇಕು. ಅದಕ್ಕೂ ಮುನ್ನ ತಿರುಪುಗಳನ್ನು ತಿರುವುವುದು ಅವಿವೇಕವೆಂದೇ ನಾವು ಹೇಳುತ್ತೇವೆ. ಹೊಲಿಗೆ ನಡುನಡುವೆ ತಪ್ಪಿದರೆ ಸೂಜಿ ಬಾಗಿದೆಯೋ, ಮೊಂಡಾಗಿದೆಯೋ, ಪೂರ್ತಿ ಮೇಲೇರಿಲ್ಲವೋ ನೋಡಿರಿ. ಅದರ ಉದ್ದನೆಯ ಗೀರು ದಾರ ಒಳಹೋಗುವ ಕಡೆಗಿರಬೇಕು. ಬಟ್ಟೆ ಸರಿಸುವ ಹಲ್ಲುಗಳ ಕೆಳಗಿನ ನೂಲಿನ ಧೂಳನ್ನು ಕುಂಚದಿಂದ ತೆಗೆದು, ಹೊಲಿಗೆಯಂತ್ರದ ಎಣ್ಣೆಯನ್ನೇ ಹನಿಹನಿಯಾಗಿ ಬಿಡಿರಿ. ದೀಪಕ್ಕೊಪ್ಪುವ ಕೊಬ್ಬರಿ ಎಣ್ಣೆ ಇಲ್ಲಿ ಅಂಟಾಗಿ ಯಂತ್ರವನ್ನೇ ಬಿಗಿಹಿಡಿಯುತ್ತದೆ. ಬಳಿಕ ಹಳೆಯ ಬಟ್ಟೆಯ ಮೇಲೆ ನಾಲ್ಕು ಸಾಲು ಹೊಲಿದು, ಆನಂತರವೇ ಹೊಸ ಕುಪ್ಪಸಕ್ಕೆ ಕೈಹಾಕಿರಿ.