ಬಾಂಬೋಳಿ ಯಾವ ಬೀಚು?

ಪುಣೆಯ ಲೋಹಗಾಂವ್ ವಿಮಾನ ನಿಲ್ದಾಣದಲ್ಲಿ ಗೋವಾ ವಿಮಾನದ ಗೇಟು ಯಾವುದೆಂದು ಯಾರನ್ನೂ ಕೇಳಬೇಕಿಲ್ಲ. ಹುಲ್ಲಿನ ಟೋಪಿ, ಹೂವಿನ ಅಂಗಿ, ಅರ್ಧ ಚಡ್ಡಿ ಕಂಡ ಕಡೆ ಹೋಗಿ ನಿಂತರಾಯಿತು. ಆ ಗುಂಪಿನಲ್ಲಿ ಒಬ್ಬಿಬ್ಬರು ಇಸ್ತ್ರಿ ಮಾಡದ ಅಂಗಿಯಲ್ಲಿ ಮೊಬೈಲನ್ನೇ ನೋಡುತ್ತ ಕೂತಿರುತ್ತಾರೆ. ಅವರು ಕಾರವಾರ, ಅಂಕೋಲಾ, ಕುಮಟಾ ಕಡೆಯವರು. ನಮಗೆ ಗೋವಾ ಅಂದರೆ ಊರಿಗೆ ಹೋಗುವ ದಾರಿ.

2023ರ ಫೆಬ್ರವರಿಯಲ್ಲಿ ಹಾಗೆ ಕೂತವನು ನಾನು. ಹಿಂದಿನ ರಾತ್ರಿ ಹನ್ನೊಂದಕ್ಕೆ ತಂಗಿಯ ಫೋನ್. "ಅಣ್ಣಾ, ಅಪ್ಪಯ್ಯಂಗೆ ಮಾತು ತೊದಲ್ತಾ ಇದ್ದು. ಬಲಗೈ ಎತ್ತಲೆ ಆಗ್ತಿಲ್ಲೆ. ಬಾಂಬೋಳಿಗೆ ಕರ್ಕಂಡು ಹೊರಟಿದ್ಯ. ನೀ ಬಾ."

ಪುಣೆಯಿಂದ ನಮ್ಮ ಕಡೆ ನೇರ ರೈಲು ದಿನಾ ಇಲ್ಲ. ಬಸ್ಸಾದರೆ ಇಡೀ ರಾತ್ರಿ ಬೇಕು. ಸಿಕ್ಕಿದ ಮೊದಲ ವಿಮಾನಕ್ಕೆ ಟಿಕೆಟ್ ಮಾಡಿದೆ. ಪಕ್ಕದ ಸೀಟಿನ ಹುಡುಗ ಉತ್ಸಾಹದಿಂದ ಕೇಳಿದ, "ಅಂಕಲ್, ಗೋವಾದಲ್ಲಿ ಎಲ್ಲಿಗೆ?" ಬಾಂಬೋಳಿ ಅಂದೆ. "ಅದು ಯಾವ ಬೀಚು? ಚೆನ್ನಾಗಿದೆಯಾ?" ಅಲ್ಲಿ ನಿಜಕ್ಕೂ ಒಂದು ಬೀಚ್ ಇದೆ. ಆದರೆ ನಮ್ಮ ಜಿಲ್ಲೆಯವರಿಗೆ ಬಾಂಬೋಳಿ ಅಂದರೆ ಗೋವಾ ಮೆಡಿಕಲ್ ಕಾಲೇಜಿನ ಆಸ್ಪತ್ರೆ. ನಾನು "ಹ್ಞಾಂ, ಚೆನ್ನಾಗಿದೆ" ಅಂದುಬಿಟ್ಟೆ.

ಇಳಿದ ಮೇಲೆ ಭಾವನಿಗೆ ಫೋನ್ ಮಾಡಿದೆ. "ಹೊರಗೇ ನಿಂತಿದ್ದೇನೆ, ಬನ್ನಿ" ಅಂದ. ಹೊರಗೆ ಬಂದರೆ ಅವನಿಲ್ಲ. ಅವನು ನಿಂತಿದ್ದದ್ದು ದಾಬೋಲಿಂನಲ್ಲಿ, ನಾನು ಇಳಿದದ್ದು ಮೋಪಾದಲ್ಲಿ! ಮೋಪಾದಿಂದ ವಿಮಾನಗಳು ಶುರುವಾಗಿ ಆಗಿನ್ನೂ ಒಂದೇ ತಿಂಗಳು. 2023ರ ಜನವರಿ 5ರಂದು ಮೊದಲ ವಿಮಾನ ಬಂದಿತ್ತು. ಟಿಕೆಟ್ಟಿನಲ್ಲಿ ಜಿಓಎಕ್ಸ್ ಎಂದಿತ್ತು. ದಾಬೋಲಿಂ ಆಗಿದ್ದರೆ ಜಿಓಐ ಎಂದಿರುತ್ತಿತ್ತು. ಒಂದಕ್ಷರ ನೋಡದ ತಪ್ಪು ನನ್ನದೇ. ಮೋಪಾ ಇರುವುದು ಉತ್ತರದ ತುದಿಯ ಪೆಡ್ನೆ ತಾಲೂಕಿನಲ್ಲಿ. ಅಲ್ಲಿಂದ ನಮ್ಮ ಗಡಿಗೆ ಬರಬೇಕೆಂದರೆ ಇಡೀ ಗೋವಾವನ್ನು ಉದ್ದಕ್ಕೆ ದಾಟಬೇಕು. ಓದುಗರೇ, ಊರಿಗೆ ಹೊರಟಾಗ ಆ ಮೂರನೇ ಅಕ್ಷರ ಮರೆಯದೆ ನೋಡಿ.

ಒಂದು ಪುಟ್ಟ ರಾಜ್ಯಕ್ಕೆ ಎರಡು ಅಂತರರಾಷ್ಟ್ರೀಯ ನಿಲ್ದಾಣ ಯಾಕೆ? ದಾಬೋಲಿಂ ಪೋರ್ಚುಗೀಸರು 1950ರ ದಶಕದಲ್ಲಿ ಕಟ್ಟಿದ್ದು. ನಮ್ಮ ಪುಣೆಗೂ ಅದಕ್ಕೂ ಹಳೆಯ ಸಂಬಂಧವಿದೆ: 1961ರ ಡಿಸೆಂಬರ್ 18ರಂದು ಗೋವಾ ವಿಮೋಚನೆಗಾಗಿ ಪುಣೆಯಿಂದ ಹಾರಿದ ಕ್ಯಾನ್‌ಬೆರಾ ವಿಮಾನಗಳು ಬಾಂಬು ಹಾಕಿದ್ದು ಅದೇ ರನ್‌ವೇ ಮೇಲೆ. ಆಮೇಲೆ ಅದು ನೌಕಾಪಡೆಯ ನೆಲೆಯಾಯಿತು. ಲೋಹಗಾಂವ್ ವಾಯುಪಡೆಯದು. ಎರಡೂ ಕಡೆ ನಾವು ಒಂದು ರೀತಿ ಬಾಡಿಗೆದಾರರು. ಪಡೆಯ ಹಾರಾಟದ ಸಮಯ ಬಿಟ್ಟು ಉಳಿದ ಹೊತ್ತು ನಮ್ಮದು. ಪ್ರವಾಸಿಗರು ಹೆಚ್ಚಿದಂತೆ ಅದು ಸಾಲದಾಯಿತು, ಮೋಪಾ ಬಂತು. ಪ್ರವಾಸಿಗೆ ಅದರಿಂದ ಒಳ್ಳೆಯದೇ ಆಗಿದೆ, ಉತ್ತರದ ಬೀಚುಗಳು ಹತ್ತಿರವಾಗಿವೆ.

ನಾನು ಟ್ಯಾಕ್ಸಿ ಹಿಡಿದು ಬಾಂಬೋಳಿ ಮುಟ್ಟುವ ಹೊತ್ತಿಗೆ ಅಪ್ಪಯ್ಯನಿಗೆ ಎಚ್ಚರವಿತ್ತು. ನನ್ನನ್ನು ನೋಡಿ ಎಡಗೈ ಎತ್ತಿದರು. ಪಾರ್ಶ್ವವಾಯು ಆದರೆ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ನಾಲ್ಕೂವರೆ ತಾಸಿನೊಳಗೆ ಕೊಡಬೇಕಂತೆ. ರಾತ್ರಿ ಮನೆಯಲ್ಲಿ ಗಮನಿಸಲು, ವಾಹನ ಹೊಂದಿಸಲು, ಕಾಳಿ ಸೇತುವೆ ದಾಟಿ ಗೋವಾ ಸೇರಲು ಆ ಹೊತ್ತು ಮುಗಿದುಹೋಗಿತ್ತು. ಜೀವ ಉಳಿಯಿತು. ಬಲಗೈ ಪೂರ್ತಿ ಮರಳಲಿಲ್ಲ. ಮೂವತ್ತು ವರ್ಷ ಬೋರ್ಡಿನ ಮೇಲೆ ಮುತ್ತಿನಂಥ ಅಕ್ಷರ ಬರೆದ ಮಾಸ್ತರರು ಈಗ ಪಿಂಚಣಿಗೆ ಹೆಬ್ಬೆಟ್ಟು ಒತ್ತುತ್ತಾರೆ.

ಈಗ ಅಂಕೋಲಾದ ಅಲಗೇರಿಯಲ್ಲೂ ವಿಮಾನ ನಿಲ್ದಾಣದ ಯೋಜನೆ ಇದೆ. ಅದೂ ನೌಕಾಪಡೆಯದೇ, ಜೊತೆಗೆ ನಾಗರಿಕರಿಗೊಂದು ಟರ್ಮಿನಲ್. ಪುಣೆಯ ಗೆಳೆಯರು ಸಿಕ್ಕಾಗ "ಇನ್ನೇನು, ನಿಮ್ಮ ಮನೆ ಅಂಗಳದಲ್ಲೇ ಇಳೀಬಹುದು" ಎಂದು ತಮಾಷೆ ಮಾಡುತ್ತಾರೆ. ನನಗೂ ಆಸೆಯಿದೆ, ಸುಳ್ಳು ಹೇಳಲಾರೆ. ಆದರೆ ಆ ಅಂಗಳ ಇನ್ನೊಬ್ಬರದು. ಸೀಬರ್ಡ್ ನೌಕಾನೆಲೆಗಾಗಿ ಕಡಲತಡಿಯ ಊರುಗಳು ಎದ್ದುಹೋದದ್ದನ್ನು ನಾವು ಚಿಕ್ಕವರಿದ್ದಾಗ ಕಂಡವರು. ಗದ್ದೆ, ತೆಂಗು, ದೇವರಮನೆ ಬಿಟ್ಟು ಬಂದ ಮುದುಕರು ಹೊಸ ಕಾಲೊನಿಯಲ್ಲಿ ಸಮುದ್ರ ಕೇಳಿಸುವುದಿಲ್ಲವೆಂದು ನಿದ್ದೆಗೆಟ್ಟದ್ದು ನನಗೆ ನೆನಪಿದೆ. ಅಲಗೇರಿಯವರಿಗೆ ಕೊಡುವುದನ್ನು ಮೊದಲೇ, ಪೂರ್ತಿ ಕೊಡಬೇಕು.

ಇನ್ನೊಂದು ಮಾತು. 2022ರ ಜುಲೈಯಲ್ಲಿ ಹೊನ್ನಾವರದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತರು. ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಎಂದು ಆಗ ಜಿಲ್ಲೆಯೆಲ್ಲ ಒಂದೇ ದನಿಯಲ್ಲಿ ಕೇಳಿತು. ವಿಮಾನ ನನ್ನನ್ನು ಪುಣೆಯಿಂದ ಬೇಗ ಮುಟ್ಟಿಸಬಹುದು. ಆದರೆ ರಾತ್ರಿ ಹನ್ನೊಂದಕ್ಕೆ ಅಪ್ಪಯ್ಯನಿಗೆ ಬೇಕಾಗಿದ್ದದ್ದು ನಾನಲ್ಲ, ಅರ್ಧ ತಾಸಿನ ದೂರದಲ್ಲಿ ಒಬ್ಬ ನರರೋಗ ತಜ್ಞ. ರನ್‌ವೇ ಬರಲಿ. ಅದಕ್ಕಿಂತ ಮೊದಲು ಆಸ್ಪತ್ರೆ ಬರಲಿ.

ಮೊನ್ನೆ ಊರಿಗೆ ಹೋದಾಗ ಅಪ್ಪಯ್ಯ ಎಂದಿನಂತೆ ಕೇಳಿದರು, "ಯಾವ ಗೋವಾಕ್ಕೆ ಇಳಿದೆ?" ಇಬ್ಬರೂ ನಕ್ಕೆವು.