ಮಿಲಿಟರಿಗೆ ಒಪ್ಪಿಸಿಬಿಡಿ ಅನ್ನೋರಿಗೆ

ಟ್ರಾಫಿಕ್ ಪೊಲೀಸಿಗೆ ರಸೀದಿ ಇಲ್ಲದೆ ಇನ್ನೂರು ರೂಪಾಯಿ ಕೊಟ್ಟು ಆಫೀಸಿಗೆ ಬಂದ ಸಹೋದ್ಯೋಗಿ, ಕಾಫಿ ಮಷೀನ್ ಮುಂದೆ ನಿಂತು "ಈ ಡಿಪಾರ್ಟ್‌ಮೆಂಟನ್ನ ಒಂದು ವರ್ಷ ಮಿಲಿಟರಿಗೆ ಕೊಟ್ಬಿಡ್ಬೇಕು ಗುರು" ಅಂದ. ಕೊಟ್ಟ ಕೈ ಅವನದೇ, ಅದಿರಲಿ. ಹಾಗೆ ಕೊಟ್ಟು ನೋಡಿದ ಊರೊಂದಿದೆ. ಒಂದಲ್ಲ, ಎರಡು ವರ್ಷ.

ಅಮೆರಿಕದ ಫಿಲಡೆಲ್ಫಿಯಾ, 1924. ಪಾನನಿಷೇಧದ ಕಾಲ. ಊರ ತುಂಬ ಕಳ್ಳ ಬಾರುಗಳು, ಅಲ್ಲಿಂದ ಪೊಲೀಸರಿಗೆ ಮಾಮೂಲಿ. ಹೊಸ ಮೇಯರ್ ಕೆಂಡ್ರಿಕ್ ಅಧ್ಯಕ್ಷ ಕೂಲಿಜ್ ಹತ್ರ ಕೇಳಿ ಮರೀನ್ ಪಡೆಯ ಜನರಲ್ ಸ್ಮೆಡ್ಲಿ ಬಟ್ಲರನ್ನು ಎರವಲು ತಂದ. ಎರಡು ಸಲ ಮೆಡಲ್ ಆಫ್ ಆನರ್ ಪಡೆದವನು. ಬಂದವನೇ ಠಾಣೆಗಳ ಲೆಫ್ಟಿನೆಂಟುಗಳಿಗೆ 48 ಗಂಟೆ ಗಡುವು ಕೊಟ್ಟ: ನಿಮ್ಮ ಏರಿಯಾ ಕ್ಲೀನ್ ಮಾಡಿ, ಇಲ್ಲಾಂದ್ರೆ ಜಾಗ ಖಾಲಿ ಮಾಡಿ. ಕೆಲವೇ ದಿನಗಳಲ್ಲಿ ನೂರಾರು ಬಾರುಗಳಿಗೆ ಬೀಗ. ಕೆಂಪು ಅಸ್ತರಿನ ಕೇಪು ಬೇರೆ ಹೊಲಿಸಿಕೊಂಡಿದ್ದ. ನಮ್ಮ ಸಿನಿಮಾದವರ ಕಣ್ಣಿಗೆ ಇವನಿನ್ನೂ ಬಿದ್ದಿಲ್ಲ, ಪುಣ್ಯ.

ಆಮೇಲೆ ಏನಾಯ್ತು? ಆ ಊರಲ್ಲಿ ಯಾವ ಠಾಣೆಗೆ ಯಾರು ಅನ್ನೋದು ವಾರ್ಡಿನ ಪಕ್ಷದ ಮುಖಂಡನ ಮಾತು. ನಮ್ಮಲ್ಲಿ ಶಾಸಕರ ಮಿನಿಟ್ ಲೆಟರ್ ಅಂತೀವಲ್ಲ, ಹೆಚ್ಚೂಕಮ್ಮಿ ಅದೇ. ಬಟ್ಲರ್ ಇದನ್ನು ಬೇಗ ಅರ್ಥ ಮಾಡಿಕೊಂಡ. ವಾರ್ಡಿನ ಗಡಿಗೆ ಅಂಟಿಕೊಂಡಿದ್ದ ಪೊಲೀಸ್ ವಲಯಗಳನ್ನೇ ಅಳಿಸಿ ಹೊಸದಾಗಿ ಗೀಟು ಹಾಕಿದ. ನನ್ನ ಪ್ರಕಾರ ಅವನು ಮಾಡಿದ ಒಂದೇ ನಿಜವಾದ ಸುಧಾರಣೆ ಅದು. ಮುಖಂಡರು ಕೆರಳಿದ್ದೂ ಅದಕ್ಕೇ. ಇತ್ತ ಅವನು ಹಿಡಿದು ತಂದವರನ್ನು ಮ್ಯಾಜಿಸ್ಟ್ರೇಟರು ಬಿಟ್ಟು ಕಳಿಸ್ತಿದ್ರು. ಆ ಮ್ಯಾಜಿಸ್ಟ್ರೇಟರೂ ಅದೇ ಪಕ್ಷದ ಓಟಿನಲ್ಲಿ ಗೆದ್ದು ಬಂದವರು.

ಬಡವರ ಬಾರು ಒಡೆಯುವಷ್ಟು ದಿನ ಚಪ್ಪಾಳೆ ಸಿಕ್ತು. 1925ರ ಕೊನೆಗೆ ಶ್ರೀಮಂತರ ರಿಟ್ಜ್-ಕಾರ್ಲ್‌ಟನ್ ಹೋಟೆಲಿಗೆ ಕೈ ಹಾಕಿದ. ಸೇನೆ ರಜೆ ಮುಂದುವರಿಸಲ್ಲ ಅಂದಾಗ ಮರೀನ್ ಹುದ್ದೆಗೇ ರಾಜೀನಾಮೆ ಕೊಟ್ಟು ಊರಲ್ಲೇ ಉಳೀತೀನಿ ಅಂದ. ಕರೆತಂದ ಮೇಯರೇ ಹೊರಗೆ ಹಾಕಿದ. ರಾಜೀನಾಮೆ ವಾಪಸ್ ಪಡೆದು ಬಟ್ಲರ್ ಬ್ಯಾರಕ್ಕಿಗೆ ಮರಳಿದ. 1928ರಲ್ಲಿ ಗ್ರ್ಯಾಂಡ್ ಜ್ಯೂರಿ ತನಿಖೆ ಮಾಡಿದಾಗ ಪೊಲೀಸರ ಬ್ಯಾಂಕ್ ಖಾತೆಗಳಲ್ಲಿ ಸಂಬಳಕ್ಕೆ ತಾಳೆಯಾಗದ ದುಡ್ಡು ಸಿಕ್ತು.

"ಅವನಿಗೆ ಪೂರ್ತಿ ಅಧಿಕಾರ ಕೊಡ್ಬೇಕಿತ್ತು" ಅಂದ ನನ್ನ ಗೆಳೆಯ. ಅದೂ ಆಗಿದೆ, ಹೈಟಿಯಲ್ಲಿ. 1915ರಲ್ಲಿ ಅಮೆರಿಕ ಆ ದೇಶವನ್ನು ಆಕ್ರಮಿಸಿಕೊಂಡ ಮೇಲೆ ಅಲ್ಲಿನ ಪೊಲೀಸ್ ಪಡೆ ಕಟ್ಟಿದವನು ಇದೇ ಬಟ್ಲರ್. ಅಲ್ಲಿ ಅವನನ್ನು ತಡೆಯೋ ವಾರ್ಡ್ ಮುಖಂಡನಿರಲಿಲ್ಲ, ಕೇಸ್ ವಜಾ ಮಾಡೋ ಮ್ಯಾಜಿಸ್ಟ್ರೇಟನ ಕಾಟವಿರಲಿಲ್ಲ. ರೈತರನ್ನು ಹಿಡಿದು ತಂದು ಬಿಟ್ಟಿ ಚಾಕರಿ ಮಾಡಿಸಿ ರಸ್ತೆ ಹಾಕಿಸಿದ್ರು. ರಸ್ತೆಯೇನೋ ಬೇಗ ಆಯ್ತು. ಜನ ದಂಗೆ ಎದ್ರು. ನೀವು ಬೇಡ್ಕೊಳ್ತಿರೋ ಒಂದು ವರ್ಷದ ಮಿಲಿಟರಿ ಆಡಳಿತದಲ್ಲಿ ಆ ರಸ್ತೆ ಮೇಲೆ ಓಡಾಡೋರು ನಾವು, ಕಲ್ಲು ಹೊರೋರು ಬೇರೆ ಯಾರೋ ಅಂತ ಯಾಕೆ ಅಂದ್ಕೊಂಡಿದ್ದೀರಿ?

ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ: ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷ ಒಂದೇ ಜಾಗ ಕೊಡಿ, ವರ್ಗಾವಣೆಗೆ ಪೊಲೀಸ್ ಅಧಿಕಾರಿಗಳದೇ ಮಂಡಳಿ ಮಾಡಿ. ಈ ವಿಷಯ ನಿಮ್ಮ ಶಾಸಕರನ್ನ ಒಂದು ಸಲ ಕೇಳು ಅಂದೆ.

ಗೆಳೆಯನಿಗೆ ತನ್ನ ಶಾಸಕ ಯಾರು ಅಂತಲೇ ಗೊತ್ತಿರಲಿಲ್ಲ.