ಬಾಗಿಲ ಬಳಿಯ ನಾಯಿ

ಬೋಧಪೀಠದಲ್ಲಿ ನಿಲ್ಲುವ ನಮ್ಮಂತಹವರಿಗೆ ಪ್ರಾಣಿಗಳು ಬಹಳ ಅನುಕೂಲದ ಜೀವಿಗಳು. ದುಡಿಮೆಗೆ ಇರುವೆ, ನಿಷ್ಕಪಟತೆಗೆ ಪಾರಿವಾಳ, ಸ್ವಾಮಿನಿಷ್ಠೆಗೆ ನಾಯಿ, ನಾಳೆಯ ಚಿಂತೆಯನ್ನು ಬಿಡಿಸುವುದಕ್ಕೆ ಆಕಾಶದ ಹಕ್ಕಿ, ಹೀಗೆ ಒಂದೊಂದು ಸದ್ಗುಣಕ್ಕೆ ಒಂದೊಂದನ್ನು ಗೊತ್ತುಮಾಡಿಕೊಂಡು ವರ್ಷಗಟ್ಟಲೆ ಪ್ರಬೋಧನೆ ಮಾಡುತ್ತೇವೆ. ಉದಾಹರಣೆ ಮುಗಿದೊಡನೆ ಅವುಗಳನ್ನು ಅಂಗಳದಾಚೆಗೆ ಅಟ್ಟುತ್ತೇವೆ. 2025ರ ಮಳೆಗಾಲದಲ್ಲಿ ನಾವು ಮಾಡಿದ್ದು ಇದನ್ನೇ. ಅದನ್ನು ವಾಚಕರ ಮುಂದಿಡದೆ ಈ ವಿಷಯ ಕುರಿತು ಬರೆಯುವ ಅಧಿಕಾರ ನಮಗಿಲ್ಲವೆಂದು ತೋರುತ್ತದೆ.

ಆ ಆಗಸ್ಟ್ ತಿಂಗಳಲ್ಲಿ ನಮ್ಮ ದೇವಾಲಯದ ಆವರಣದ ಲೂರ್ದು ಮಾತೆಯ ಗವಿಯ ಹಿಂಬದಿಯಲ್ಲಿ, ಮಳೆ ತಾಗದ ಕಲ್ಲುಸಂದಿಯೊಂದರಲ್ಲಿ, ಕಂದುಬಣ್ಣದ ಬೀದಿನಾಯಿಯೊಂದು ಐದು ಮರಿಗಳನ್ನು ಹಾಕಿತ್ತು. ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನವರ ಜನನೋತ್ಸವಕ್ಕೆ ಮುನ್ನ ಒಂಬತ್ತು ದಿನಗಳ ಪ್ರಾರ್ಥನೆ ಆರಂಭವಾಗಬೇಕಿತ್ತು. ಗವಿಗೆ ಬಣ್ಣ ಬಳಿಯುವವರ ಮೇಲೆ ನಾಯಿ ಗುರುಗುಟ್ಟಿತು. ಒಂದು ಮಗುವಿನ ಬೆನ್ನಟ್ಟಿತೆಂದು ತಾಯಿಯೊಬ್ಬರು ದೂರು ತಂದರು. ಪಾಲನಾ ಸಮಿತಿಯವರು ಕೇಳಿದಾಗ ನಾವು "ಏನಾದರೂ ವ್ಯವಸ್ಥೆ ಮಾಡಿ" ಎಂದೆವು. ಎಂತಹ ವ್ಯವಸ್ಥೆ ಎಂದು ವಿಚಾರಿಸಲಿಲ್ಲ. ವಿಚಾರಿಸದಿದ್ದುದು ಮರೆವಿನಿಂದಲ್ಲ, ತಿಳಿಯದಿರುವುದೇ ಲೇಸೆಂಬ ಜಾಣತನದಿಂದ. ಸಂಜೆ ಇಬ್ಬರು ಯುವಕರು ಮರಿಗಳನ್ನು ಗೋಣಿಚೀಲದಲ್ಲಿ ತುಂಬಿ ಮೀನುಮಾರುಕಟ್ಟೆಯ ಹಿಂದೆ ಸುರಿದು ಬಂದರು.

ಆ ರಾತ್ರಿ ತಾಯಿನಾಯಿ ಗವಿಯನ್ನು ಸುತ್ತಿ ಸುತ್ತಿ ಊಳಿಟ್ಟಿತು. ನಾವು ಕಿಟಕಿ ಮುಚ್ಚಿ ಮಲಗಿದೆವು. ನಿದ್ರೆ ಬಾರದಿದ್ದಾಗ, ಗುರುಮಠದಲ್ಲಿ ಕಲಿತ ತತ್ವಶಾಸ್ತ್ರವೇ ನಮ್ಮ ನೆರವಿಗೆ ಬಂತು. ಅರಿಸ್ಟಾಟಲನ ಜಾಡಿನಲ್ಲಿ ಸಂತ ಥಾಮಸ್ ಅಕ್ವಿನಾಸರು ಪ್ರಾಣಿಗಿರುವುದು ಇಂದ್ರಿಯಾತ್ಮ, ಮಾನವನಿಗಿರುವುದು ವಿವೇಕಾತ್ಮ ಎಂದು ವಿಂಗಡಿಸಿದ್ದಾರೆ. ಹದಿನೇಳನೆಯ ಶತಮಾನದ ಡೇಕಾರ್ಟ್ ಇನ್ನೂ ಮುಂದೆ ಹೋಗಿ ಪ್ರಾಣಿದೇಹವನ್ನು ಗಡಿಯಾರದಂತಹ ಯಂತ್ರಕ್ಕೆ ಹೋಲಿಸಿದ. ಯಂತ್ರವಾದರೆ ಕಿರುಗುಟ್ಟುತ್ತದೆ, ಅಳುವುದಿಲ್ಲ. ಆದರೆ ಕಿಟಕಿಯಾಚೆ ಕೇಳಿಬರುತ್ತಿದ್ದುದು ಗಡಿಯಾರದ ಸದ್ದಲ್ಲವೆಂಬುದು ನಮಗೆ ಚೆನ್ನಾಗಿ ತಿಳಿದಿತ್ತು. ಅಕ್ವಿನಾಸರ ಇನ್ನೊಂದು ಮಾತೂ ಆಗ ನೆನಪಾಯಿತು: ಮೂಕಪ್ರಾಣಿಗಳ ಮೇಲಿನ ಕ್ರೌರ್ಯವನ್ನು ಧರ್ಮಗ್ರಂಥ ತಡೆಯುವುದು, ಆ ಕ್ರೌರ್ಯ ಮನುಷ್ಯರ ಮೇಲೆಯೂ ಹರಿಯದಿರಲೆಂದು. ಪರೀಕ್ಷೆಯಲ್ಲಿ ಈ ವಾಕ್ಯವನ್ನು ಬರೆದು ನಾವು ಒಳ್ಳೆಯ ಅಂಕ ಪಡೆದಿದ್ದೆವು.

ನಮ್ಮ ತಂದೆಯವರು ತತ್ವಶಾಸ್ತ್ರ ಓದಿದವರಲ್ಲ. ಎರಡು ಎತ್ತುಗಳ ಬೇಸಾಯಗಾರರು. ಹೊಲದಿಂದ ಬಂದವರು ಎತ್ತಿಗೆ ನೀರು ತೋರಿಸಿ, ಮೇವು ಹಾಕಿ, ಕಲಗಚ್ಚಿನ ಬಾನಿಯನ್ನು ಮುಂದಿಟ್ಟ ಮೇಲೆಯೇ ತಾವು ತಟ್ಟೆಯ ಮುಂದೆ ಕೂರುತ್ತಿದ್ದರು. ಬಾಲ್ಯದ ನಮಗೆ ಹಸಿವು ತಡೆಯದೆ ಕಾರಣ ಕೇಳಿದರೆ, "ಅದಕ್ಕೆ ಬಾಯಿಲ್ಲ ಮಗಾ, ನಿನಗಿದೆಯಲ್ಲ" ಎನ್ನುತ್ತಿದ್ದರು. ಕ್ರಿಸ್ತಜಯಂತಿಯ ಗೋದಲಿಯಲ್ಲಿ ನಾವು ಎತ್ತು ಕತ್ತೆಗಳನ್ನು ಇಡುತ್ತೇವಷ್ಟೆ. ಶುಭಸಂದೇಶಗಳ ಜನನ ವೃತ್ತಾಂತದಲ್ಲಿ ಅವುಗಳ ಹೆಸರೇ ಇಲ್ಲ. ಪ್ರವಾದಿ ಯೆಶಾಯನ ಗ್ರಂಥದ ಮೊದಲ ಅಧ್ಯಾಯದಿಂದ ಅವು ಅಲ್ಲಿಗೆ ನಡೆದು ಬಂದಿವೆ. ಎತ್ತಿಗೂ ಕತ್ತೆಗೂ ಒಡೆಯನ ಗುರುತುಂಟು, ನನ್ನ ಜನಕ್ಕೆ ಇಲ್ಲವೆಂಬುದು ಅಲ್ಲಿ ದೇವರ ದೂರು. ಸಂತ ಫ್ರಾನ್ಸಿಸರು 1223ರಲ್ಲಿ ಗ್ರೆಚ್ಚೊ ಎಂಬ ಊರಿನಲ್ಲಿ ಜೀವಂತ ಎತ್ತು ಕತ್ತೆಗಳನ್ನು ನಿಲ್ಲಿಸಿ ಜನನೋತ್ಸವ ಆಚರಿಸಿದರು. ಹಾಗಾದರೆ ಗೋದಲಿಯ ಎತ್ತು ಬರಿಯ ಅಲಂಕಾರವಲ್ಲ, ನಮ್ಮ ಮೇಲಿನ ಆಕ್ಷೇಪಣೆ. ಪ್ರತಿ ಡಿಸೆಂಬರಿನಲ್ಲಿ ನಾವು ಅದಕ್ಕೆ ಬಣ್ಣ ಹಚ್ಚುತ್ತೇವೆ!

ಮರುದಿನ ಬೆಳಿಗ್ಗೆ, ದೇವಾಲಯದ ಕಸ ಗುಡಿಸುವ ತಾಯಿ ನಮ್ಮ ಬಳಿ ಬಂದು, "ಸ್ವಾಮಿ, ಮರಿಗಳನ್ನು ಎಲ್ಲಿ ಬಿಟ್ಟರು?" ಎಂದಷ್ಟೇ ಕೇಳಿದರು. ಗೊತ್ತಿಲ್ಲವೆಂದೆವು. ಅದು ಸುಳ್ಳಾಗಿರಲಿಲ್ಲ, ನಿಜವೂ ಆಗಿರಲಿಲ್ಲ. ಆಕೆ ಯುವಕರನ್ನು ವಿಚಾರಿಸಿಕೊಂಡು ಮಾರುಕಟ್ಟೆಗೆ ಹೋದರು. ಐದರಲ್ಲಿ ಒಂದು ಮಾತ್ರ ಜೀವದಿಂದಿತ್ತು. ಸೆರಗಿನಲ್ಲಿ ಸುತ್ತಿ ತಂದ ಆ ಮರಿಯ ಜಾಡು ಹಿಡಿದು ತಾಯಿನಾಯಿ, ಒಂದೇ ಕೋಣೆಯ ಅವರ ಮನೆಯ ಹಿತ್ತಿಲಿಗೆ ಹೋಗಿ ನೆಲೆಸಿತು. ಅಂದಿನಿಂದ ಆಕೆ ಕೆಲಸಕ್ಕೆ ಬಂದರೆ ನಾಯಿಯೂ ಬಂದು ದೇವಾಲಯದ ಹೆಬ್ಬಾಗಿಲ ಬಳಿ ಕಾದು ಮಲಗುತ್ತದೆ.

ಸೆಪ್ಟೆಂಬರ್ 28ರ ಭಾನುವಾರ ಬಲಿಪೂಜೆಯಲ್ಲಿ ನಮಗೆ ಓದಬೇಕಾಗಿ ಬಂದ ಶುಭಸಂದೇಶ, ಧನವಂತ ಮತ್ತು ಲಾಜರನ ಸಾಮತಿ. ಬಾಗಿಲ ಬಳಿ ಬಿದ್ದಿದ್ದ ಆ ಬಡವನ ಹುಣ್ಣುಗಳನ್ನು ನಾಯಿಗಳು ಬಂದು ನೆಕ್ಕುತ್ತಿದ್ದುವೆಂದು ಸಂತ ಲೂಕರು ಬರೆಯುತ್ತಾರೆ. ಅವನ ದುರವಸ್ಥೆಯ ಪರಮಾವಧಿಯನ್ನು ಸೂಚಿಸಲು ಈ ಮಾತು ಬಂದಿದೆಯೆಂದು ಹಲವು ವ್ಯಾಖ್ಯಾನಕಾರರ ಅಭಿಪ್ರಾಯ. ನಾವೂ ಹಾಗೆಯೇ ಬೋಧಿಸುತ್ತಿದ್ದೆವು. ಅಂದು ಗ್ರಂಥದಿಂದ ತಲೆಯೆತ್ತಿದಾಗ ತೆರೆದ ಬಾಗಿಲಿನಲ್ಲಿ ನಾಯಿ ಕಾಣಿಸಿತು. ಇಡೀ ಸಾಮತಿಯಲ್ಲಿ ಲಾಜರನು ಬದುಕಿರುವಾಗ ಅವನ ಬಳಿಗೆ ಬಂದವು ನಾಯಿಗಳು ಮಾತ್ರ, ಮನುಷ್ಯರಾರೂ ಬರಲಿಲ್ಲ. ಸಿದ್ಧಪಡಿಸಿದ್ದ ಪ್ರಬೋಧನೆಯನ್ನು ಬಿಟ್ಟು ಎರಡು ಮಾತಾಡಿ ಕುಳಿತೆವು. ಪೂಜೆ ಬೇಗ ಮುಗಿಯಿತೆಂದು ಕೆಲವರು ಸಂತೋಷಪಟ್ಟರು.

ಮಗುವಿನ ತಾಯಿಯ ಭಯವನ್ನು ನಾವು ಹಗುರವಾಗಿ ಕಾಣುತ್ತಿಲ್ಲ. ಹುಚ್ಚುನಾಯಿ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಅತಿ ವಿರಳ. ಮಕ್ಕಳ ರಕ್ಷಣೆ ಮೊದಲನೆಯ ಕರ್ತವ್ಯವೇ. ಆದರೆ ಬೀದಿನಾಯಿಗಳ ಸಂತಾನ ನಿಯಂತ್ರಣ ಮತ್ತು ಲಸಿಕೆಯ ಹೊಣೆಯನ್ನು 2023ರ ನಿಯಮಗಳು ಸ್ಥಳೀಯ ಸಂಸ್ಥೆಗಳಿಗೆ ವಹಿಸಿವೆ. ಒಂದು ಪತ್ರ ಬರೆದು, ಗವಿಯ ಸುತ್ತ ನಾಲ್ಕು ವಾರ ಹಗ್ಗ ಕಟ್ಟಿದ್ದರೆ ಸಾಕಿತ್ತು. ಇನ್ನೊಂದು ಬದಿಯ ಅತಿರೇಕವೂ ನಮಗೆ ಒಪ್ಪಿಗೆಯಿಲ್ಲ. 1992ರಲ್ಲಿ ಪ್ರಕಟವಾದ ಕಥೋಲಿಕ ಶ್ರೀಸಭೆಯ ಧರ್ಮೋಪದೇಶ ಗ್ರಂಥವು ಪ್ರಾಣಿಗಳನ್ನು ವೃಥಾ ಹಿಂಸಿಸುವುದು ಮಾನವ ಘನತೆಗೆ ವಿರುದ್ಧವೆಂದು ಹೇಳಿ, ಮನುಷ್ಯರ ಸಂಕಟ ನೀಗಬೇಕಾದ ಹಣವನ್ನು ಅವುಗಳ ಮೇಲೆ ಸುರಿಯುವುದೂ ತರವಲ್ಲವೆಂದು ಸೇರಿಸಿದೆ. ಜಾತಿನಾಯಿಗೆ ಪ್ರತ್ಯೇಕ ಹಾಸಿಗೆ ಹಾಕಿ, ಮನೆಗೆಲಸದವಳಿಗೆ ಚಹಾ ಕುಡಿಯಲು ಬೇರೆ ಲೋಟ ಇಟ್ಟಿರುವ ಮನೆಗಳನ್ನು ಆಶೀರ್ವದಿಸಲು ನಾವು ಹೋಗಿದ್ದೇವೆ.

ವಿಮೋಚನಾಕಾಂಡದ 23ನೆಯ ಅಧ್ಯಾಯದಲ್ಲಿ ವಿಶ್ರಾಂತಿ ದಿನದ ಒಂದು ಕಟ್ಟಳೆಯಿದೆ. ಎತ್ತಿಗೂ ಕತ್ತೆಗೂ ವಿಶ್ರಾಂತಿ ಸಿಗಬೇಕು, ದಾಸಿಯ ಮಗನೂ ಪರದೇಶಿಯೂ ದಣಿವಾರಿಸಿಕೊಳ್ಳಬೇಕು ಎಂದು ಅಲ್ಲಿ ಒಂದೇ ಉಸಿರಿನಲ್ಲಿ ಹೇಳಿದೆ. ನಾಯಿಯ ವಿಷಯ ಬರೆಯಲೆಂದು ಈ ವಚನವನ್ನು ಹುಡುಕಿ ತೆಗೆದ ನಮಗೆ, ಅದರ ಉತ್ತರಾರ್ಧ ಎದುರಾಯಿತು. ನಮ್ಮ ದೇವಾಲಯವನ್ನು ಗುಡಿಸುವ ಆ ತಾಯಿಗೆ ವಾರದ ರಜೆ ಯಾವುದೆಂದು ಲೆಕ್ಕದ ಪುಸ್ತಕ ತೆಗೆಸಿ ನೋಡಿದೆವು. ಯಾವುದೂ ಇರಲಿಲ್ಲ. ಭಾನುವಾರ ಎಲ್ಲರೂ ವಿಶ್ರಮಿಸುವ ದಿನ. ಅಂದು ಆಕೆಗೆ ಕೆಲಸ ಎಲ್ಲ ದಿನಕ್ಕಿಂತ ಹೆಚ್ಚು. ಹನ್ನೊಂದು ವರ್ಷ ಹೀಗೆ ನಡೆದಿದೆ, ಅದರಲ್ಲಿ ನಾಲ್ಕು ವರ್ಷ ನಮ್ಮ ಕಣ್ಣೆದುರಿಗೇ.

ಅಕ್ಟೋಬರ್‌ನಿಂದ ಸೋಮವಾರ ರಜೆಯೆಂದು ಗೊತ್ತುಮಾಡಿದೆವು. ಮೊದಲ ಸೋಮವಾರ ಬೆಳಿಗ್ಗೆ ಆರಕ್ಕೆ ಬಾಗಿಲು ತೆರೆದರೆ ಆಕೆ ಪೊರಕೆ ಹಿಡಿದು ನಿಂತಿದ್ದರು, ಪಕ್ಕದಲ್ಲಿ ನಾಯಿ. ಇಂದು ಬರಬೇಕಾಗಿಲ್ಲವೆಂದು ನೆನಪಿಸಿದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಂಬಳದಲ್ಲಿ ಹಿಡಿಯುತ್ತೀರಾ ಸ್ವಾಮಿ?" ಎಂದು ಕೇಳಿದರು.